ಎರಡೂವರೆ ಮೂಟೆ ಮಾಮೂಲಿ ಸಿಮೆಂಟು

ಪರಿಶೀಲನಾ ಸಮಿತಿ ಬರುವ ದಿನವೇ ಸುರಂಗದ ಮೂರನೇ ಕವಲು ಸೋರುವುದಕ್ಕೆ ಶುರುವಾಯಿತು. ಅಲ್ಲಿಯವರೆಗೆ ಆ ಕವಲಿನ ಗೋಡೆ ಬೆವರುತ್ತಿತ್ತೇ ಹೊರತು ನೀರು ಹರಿದಿರಲಿಲ್ಲ. ಅಂದು ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಮೊಣಕಾಲೆತ್ತರದ ಒಂದು ಬಿರುಕಿನಿಂದ ಹೆಬ್ಬೆರಳು ಗಾತ್ರದ ಧಾರೆ ಕಮಾನು ಕಟ್ಟಿಕೊಂಡು ಸುರಿಯುತ್ತಿತ್ತು. ಸಮಿತಿ ಇಳಿಯುವುದು ಮಧ್ಯಾಹ್ನ ಮೂರಕ್ಕೆ.

ಕರೆ ಹೋದದ್ದು ಮೇಸ್ತ್ರಿಗೆ. ಅಣೆಕಟ್ಟು, ರೈಲು ಸುರಂಗ, ನೆಲಮಾಳಿಗೆ ಅಂತ ಮೂವತ್ತು ವರ್ಷ ತಿರುಗಿ, ನೀರಿನ ಬಾಯಿ ಮುಚ್ಚಿಸಿಯೇ ಸಂಸಾರ ಸಾಗಿಸಿದವನು ಅವನು. ಸಿಮೆಂಟಿನಲ್ಲಿ ಅದ್ದಿ ಅದ್ದಿ ಅವನ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಅವನ ಮೊಬೈಲು ಅವನ ಹೆಬ್ಬೆರಳನ್ನು ಹೆಬ್ಬೆರಳೆಂದು ಒಪ್ಪುತ್ತಲೇ ಇರಲಿಲ್ಲ. ಒಳ್ಳೆಯ ಕೆಲಸಗಾರ. ಆದರೆ ಈ ಸುರಂಗದಲ್ಲಿ ಅವನ ಕೈ ಕಟ್ಟಿಹಾಕಿದ್ದರು.

ನೆಲದಿಂದ ನಾನೂರು ಮೀಟರು ಕೆಳಗೆ ಕೊರೆದ ಈ ಸುರಂಗದಿಂದ ಅದಿರು ತೆಗೆಯುವುದಿರಲಿಲ್ಲ, ಇದರಲ್ಲಿ ರೈಲು ಬಿಡುವುದೂ ಇರಲಿಲ್ಲ. ಅಣುಸ್ಥಾವರಗಳಲ್ಲಿ ಉರಿದು ಮುಗಿದ ಇಂಧನವನ್ನು ಲಕ್ಷ ವರ್ಷ ಯಾರ ತಂಟೆಗೂ ಬಾರದ ಹಾಗೆ ಹೂತಿಡುವುದಕ್ಕೆ ಈ ಬಂಡೆ ಆದೀತೇ ಎಂದು ನೋಡುವ ಜಾಗ ಅದು. ಹೂಳುವ ವಸ್ತು ಇನ್ನೂ ಒಂದು ಚಮಚದಷ್ಟೂ ಅಲ್ಲಿಗೆ ಬಂದಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಬರೀ ನೋಡುವುದೇ ನಡೆದಿತ್ತು. ಅಲ್ಲಿನ ಮೊದಲ ನಿಯಮವೇ, ಒಳಗೆ ಮಾಮೂಲಿ ಸಿಮೆಂಟು ತರಕೂಡದು ಎಂಬುದು. ಬದಲಿಗೆ ಕ್ಷಾರ ಕಡಿಮೆಯಿರುವ ಬೂದುಬಿಳಿಯ ಬೇರೊಂದು ಸಿಮೆಂಟು ಕೊಟ್ಟಿದ್ದರು. ಅದು ಗಟ್ಟಿಯಾಗುವುದಕ್ಕೆ ಒಂದೂವರೆ ದಿನ ತೆಗೆದುಕೊಳ್ಳುತ್ತಿತ್ತು, ಸ್ವಲ್ಪ ಗದರಿದರೂ ಉದುರುತ್ತಿತ್ತು. ಕೆಲಸದವರು ಅದಕ್ಕೆ ಸಾಧು ಸಿಮೆಂಟು ಎಂದು ಹೆಸರಿಟ್ಟಿದ್ದರು.

ಈ ನಿಯಮದ ಒಳಗುಟ್ಟನ್ನು ಅವನಿಗೆ ಬಿಡಿಸಿ ಹೇಳಿದ್ದವಳು ಅವನ ತಂಗಿ. ಅವನಿಗಿಂತ ಹದಿನೇಳು ವರ್ಷ ಚಿಕ್ಕವಳು, ಅವನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದವಳು, ರಸಾಯನಶಾಸ್ತ್ರ ಓದಿ ಅದೇ ಸುರಂಗದಲ್ಲಿ ನೀರಿನ ಮಾದರಿ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಕೆಲಸ ಕಾಂಟ್ರ್ಯಾಕ್ಟಿನದು, ಪ್ರತಿ ವರ್ಷ ಮಾರ್ಚಿ ಬಂತೆಂದರೆ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಚ್ಚಿ ಕಚ್ಚಿ ಅವಳ ಉಗುರುಗಳು ಮೊಟಕಾಗುತ್ತಿದ್ದವು. ಅಣ್ಣ ತಂಗಿ ಬೆಳಿಗ್ಗೆ ಒಂದೇ ಮನೆಯಿಂದ ಹೊರಟು, ಒಂದೇ ಬಸ್ಸು ಹತ್ತಿ, ಒಂದೇ ಲಿಫ್ಟಿನಲ್ಲಿ ಇಳಿದು, ಅವನು ನೀರು ನಿಲ್ಲಿಸಲು ಎಡಕ್ಕೂ ಅವಳು ನೀರು ಹಿಡಿಯಲು ಬಲಕ್ಕೂ ತಿರುಗುತ್ತಿದ್ದರು.

“ಡಬ್ಬಿ ಲಕ್ಷ ವರ್ಷ ಬಾಳಲ್ಲ ಅಣ್ಣ,” ಎಂದಿದ್ದಳು ಅವಳು ಒಂದು ದಿನ ಬಸ್ಸಿನಲ್ಲಿ. “ಯಾವತ್ತೋ ಒಂದಿನ ತುಕ್ಕು ಹಿಡಿದು ತೂತು ಬೀಳತ್ತೆ. ಒಳಗಿರೋ ವಿಕಿರಣದ ಧಾತುಗಳು ನೀರಿನ ಜೊತೆ ಹೊರಡ್ತವೆ. ಆಗ ಅವನ್ನ ತಡೆಯೋದು ಬಂಡೆ ಒಂದೇ. ಬಿರುಕಿನ ಗೋಡೆಗೆ ಅಂಟಿಸ್ಕೊಂಡು ಹಿಡ್ಕೊಂಡುಬಿಡತ್ತೆ. ಎಷ್ಟು ಹಿಡ್ಕೊಳತ್ತೆ, ಯಾವುದನ್ನ ಹಿಡ್ಕೊಳತ್ತೆ ಅನ್ನೋದು ನೀರಿನ ಗುಣದ ಮೇಲೆ ಹೋಗತ್ತೆ.”

“ಅದಕ್ಕೂ ನನ್ನ ಸಿಮೆಂಟಿಗೂ ಏನು ಸಂಬಂಧ?”

“ನಿನ್ನ ಸಿಮೆಂಟು ನೀರಿಗೆ ಕ್ಷಾರ ಬಿಡತ್ತೆ. ಏನು ಮಾಡತ್ತೆ ಅಂತ ನಿನ್ನ ಕೈ ನೋಡ್ಕೊಂಡ್ರೆ ಸಾಕು. ಬಂಡೇನೂ ಬಿಡಲ್ಲ. ಕ್ಷಾರದ ನೀರಲ್ಲಿ ಕೆಲವು ಧಾತು ಇನ್ನೂ ಗಟ್ಟಿಯಾಗಿ ಅಂಟ್ಕೋತವೆ, ಕೆಲವು ಅಂಟಿದ್ದೂ ಬಿಟ್ಕೊಂಡು ಹೊರಟು ಹೋಗ್ತವೆ. ಲ್ಯಾಬಲ್ಲಿ ಪುಡಿ ಮಾಡಿದ ಕಲ್ಲಿನ ಮೇಲೆ ನೋಡಿದ್ದಾರೆ. ಇಡೀ ಬಂಡೆಯೊಳಗೆ ಏನಾಗತ್ತೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ.”

ಇದೆಲ್ಲ ಮೇಸ್ತ್ರಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಆ ದಿನ ಅವನು ಸಾಧು ಸಿಮೆಂಟನ್ನೇ ಕಲಸಿದ. ಪೈಪು ಕೂರಿಸಿ, ಕೈಪಂಪಿನಿಂದ ಬಿರುಕಿನೊಳಗೆ ಒತ್ತಿದ. ನೀರು ಅದನ್ನು ಹಾಲಿನ ಹಾಗೆ ತೊಳೆದುಕೊಂಡು ಹೊರಗೆ ತಂದು ಅವನ ಬೂಟಿನ ಮೇಲೆ ಸುರಿಯಿತು. ಎರಡನೇ ಸಲವೂ ಅಷ್ಟೆ, ಮೂರನೇ ಸಲವೂ ಅಷ್ಟೆ. ಗಂಟೆ ಹನ್ನೆರಡೂವರೆ ಆಯಿತು. ಸುರಂಗದ ಮ್ಯಾನೇಜರು ಇಸ್ತ್ರಿ ಮಾಡಿಸಿದ ಮೇಲಂಗಿ ತೊಟ್ಟು, ಫಳಫಳ ಹೊಳೆಯುವ ಹೆಲ್ಮೆಟ್ಟಿಟ್ಟುಕೊಂಡು ಬಂದು ನಿಂತ.

“ಏನ್ ಮೇಸ್ತ್ರಿ, ಸಮಿತಿಯವರಿಗೆ ಈಜು ಕಲಿಸೋ ಪ್ಲಾನಾ?”

“ಇದು ಹಿಡೀತಿಲ್ಲ ಸಾರ್. ಮಾಮೂಲಿದಾಗಿದ್ರೆ ಅರ್ಧ ಗಂಟೆ ಕೆಲಸ.”

ಮ್ಯಾನೇಜರು ಧಾರೆಯನ್ನು ನೋಡಿದ, ಗಡಿಯಾರ ನೋಡಿದ, ಮೇಸ್ತ್ರಿಯ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ. “ನನಗೆ ಅದೆಲ್ಲ ಗೊತ್ತಿಲ್ಲ. ಏನಾದ್ರೂ ಮಾಡಿ,” ಎಂದು ಹೇಳಿ ಲಿಫ್ಟಿನ ಕಡೆ ನಡೆದ.

ಮೇಲೆ ಕ್ಯಾಂಟೀನಿನ ಶೌಚಾಲಯಕ್ಕೆ ಹೊಸ ನೆಲ ಹಾಕಿಸುವುದಕ್ಕೆಂದು ಮೂರು ಮೂಟೆ ಮಾಮೂಲಿ ಸಿಮೆಂಟು ತಂದಿಟ್ಟಿದ್ದರು. ಮೇಸ್ತ್ರಿ ಟಾರ್ಪಾಲಿನ ಕೆಳಗೆ ಮುಚ್ಚಿ ಅದನ್ನು ಇಳಿಸಿಕೊಂಡ. ಎರಡೂವರೆ ಮೂಟೆ ಬಂಡೆಯ ಹೊಟ್ಟೆಗೆ ಹೋಯಿತು. ಕೊನೆಯ ಮುಷ್ಟಿಯನ್ನು ಗಟ್ಟಿ ಕಲಸಿ ಬಿರುಕಿನ ಬಾಯಿಗೆ ಮೆತ್ತಿ, ಅಂಗೈಯಲ್ಲೇ ಒತ್ತಿ ಹಿಡಿದು ಇಪ್ಪತ್ತು ನಿಮಿಷ ಕೂತ. ಕೈ ತೆಗೆದಾಗ ಗೋಡೆ ಒಣಗಿದ ರೊಟ್ಟಿಯ ಹಾಗಿತ್ತು. ಮೇಲೆ ಎರಡು ಕೈ ಸಾಧು ಸಿಮೆಂಟು ಬಳಿದ. ಮೂರು ಗಂಟೆಗೆ ಬಂದ ಸಮಿತಿಯ ಹಿರಿಯರೊಬ್ಬರು ಆ ಗೋಡೆಯನ್ನು ತಟ್ಟಿ ನೋಡಿ, ಹೊಸ ಸಿಮೆಂಟಿನ ಬಗ್ಗೆ ತಮಗಿದ್ದ ಅನುಮಾನವೆಲ್ಲ ಇಂದು ದೂರವಾಯಿತು ಎಂದರು. ಅವರ ವರದಿಯ ಎಂಟನೇ ಪುಟದಲ್ಲಿ ಅದು ಅಚ್ಚೂ ಆಯಿತು.

ಮೇಸ್ತ್ರಿ ಅದನ್ನು ಅಲ್ಲಿಗೇ ಮರೆತ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅವನು, ಹೆಂಡತಿ, ತಂಗಿ ಮೂವರೂ ಊಟಕ್ಕೆ ಕೂತಿದ್ದಾಗ ತಂಗಿ ತಟ್ಟೆಯ ಮುಂದೆ ಕೂರಲಾರದೆ ಕೂತಿದ್ದಳು.

“ಏನೇ ಅದು, ಇರುವೆ ಕಚ್ಚಿದ ಹಾಗೆ ಆಡ್ತಿದೀಯ?” ಎಂದಳು ಮೇಸ್ತ್ರಿಯ ಹೆಂಡತಿ.

“ಅತ್ತಿಗೆ, ನನ್ನ ಬೋರಿನಲ್ಲಿ ಕ್ಷಾರ ಬಂದಿದೆ.”

“ಬೋರು ಅಂದ್ರೆ ಬೇಜಾರಾ, ಬಾವಿಯಾ?”

“ಬಾವಿನೇ. ಏಳನೇ ನಂಬರು. ಈ ಬಂಡೆಯ ನೀರು ಯಾವಾಗ ಅಳೆದ್ರೂ ಪಿಎಚ್ ಎಂಟೇ ತೋರಿಸ್ತಿತ್ತು. ಸೋಪಿನ ನೀರು ಹತ್ತು, ಸುಣ್ಣದ ನೀರು ಹನ್ನೆರಡು. ಎರಡು ತಿಂಗಳ ಹಿಂದೆ ಏಳನೇ ಬೋರಲ್ಲಿ ಹನ್ನೊಂದೂವರೆ ಬಂತು. ಖಾತ್ರಿಯಾಗೋವರೆಗೂ ಯಾರಿಗೂ ಹೇಳ್ಬೇಡ ಅಂದಿದ್ರು. ಮೀಟರು ಕೆಟ್ಟಿದೆ ಅಂತ ಮೂರು ಸಲ ಬದಲಾಯಿಸಿದೆ. ನಮ್ಮ ತಂಡದ ಪ್ರೊಫೆಸರು ತಾವೇ ಬಂದು ಅಳೆದ್ರು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ರು, ಪಾಪ. ಬಂಡೆ ತಾನಾಗೇ ಕ್ಷಾರ ಹುಟ್ಟಿಸ್ತಿದೆಯಂತೆ. ಅಂಥ ಜಾಗಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅದಕ್ಕೆ ಹುಟ್ಟುಕ್ಷಾರ ಅಂತ ಹೆಸರಿಟ್ಟಿದ್ದಾರೆ. ಲೇಖನದಲ್ಲಿ ಅವರದಾದ ಮೇಲೆ ನನ್ನದೇ ಹೆಸರು. ಬರೋ ವರ್ಷ ಕೆಲಸ ಖಾಯಂ ಮಾಡಿಸ್ತೀನಿ ಅಂದಿದ್ದಾರೆ.”

ಮೇಸ್ತ್ರಿಯ ತುತ್ತು ಕೈಯಲ್ಲೇ ಉಳಿಯಿತು. “ಏಳನೇ ಬೋರು ಅಂದ್ರೆ ಯಾವ ಕವಲಲ್ಲಿ?”

“ಮೂರರಲ್ಲಿ. ಸಮಿತಿ ಬಂದಾಗ ನೀನು ಸೋರಿಕೆ ನಿಲ್ಲಿಸಿದ್ಯಲ್ಲ, ಅಲ್ಲಿಂದ ಆರು ಮೀಟರು.”

“ಓಹೋ,” ಎಂದ ಮೇಸ್ತ್ರಿ. ತುತ್ತನ್ನು ತಟ್ಟೆಗಿಟ್ಟು ನೀರು ಕುಡಿದ. ತಂಗಿಯ ಮುಖ ನೋಡಿದರೆ ದೀಪ ಹಚ್ಚಿಟ್ಟ ಹಾಗಿತ್ತು. ಹೇಳುವುದೆಂದರೆ ಆ ದೀಪ ಊದಿದಂತೆ. ಅವಳಿಗೆ ಹೇಳುವ ಮೊದಲು ದೊಡ್ಡವರಿಗೆ ಹೇಳಿಬಿಡೋಣ, ಅವರೇ ಹೇಗೋ ಸರಿಮಾಡಿಕೊಳ್ಳಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಮರುದಿನ ಮ್ಯಾನೇಜರ ಕೋಣೆಗೆ ಹೋಗಿ, ಆ ಗೋಡೆಯೊಳಗೆ ಇರುವುದು ಮಾಮೂಲಿ ಸಿಮೆಂಟು ಎಂದು ಹೇಳಿದ. ಮ್ಯಾನೇಜರು ಹೆಲ್ಮೆಟ್ಟಿಗೆ ಬಟ್ಟೆ ಹಾಕಿ ಉಜ್ಜುತ್ತಿದ್ದವನು ಕೈ ನಿಲ್ಲಿಸಲಿಲ್ಲ.

“ಮೇಸ್ತ್ರಿ, ನೀವು ಹಾಕಿದ್ದು ಸಾಧು ಸಿಮೆಂಟು. ಹಾಕಿದ್ದಾರೆ ಅಂತ ನಾನು ಸಹಿ ಮಾಡಿದ್ದೀನಿ. ಅದನ್ನ ನೋಡಿ ಸಮಿತಿ ಸಹಿ ಮಾಡಿದೆ. ಈಗ ನೀವು ಬೇರೆ ಹೇಳಿದ್ರೆ ಹೇಗೆ? ಹನ್ನೊಂದು ಜನ ಓದಿದೋರು ಸುಳ್ಳಾ, ನೀವೊಬ್ಬರು ನಿಜಾನಾ?”

“ಹಾಕಿದ್ದು ನಾನೇ ಅಲ್ವಾ ಸಾರ್?”

“ಅದೇ ಹೇಳ್ತಿರೋದು. ನೀವು ಹಾಕಿರೋರು, ನೋಡಿರೋರಲ್ಲ. ಹೋಗಿ, ಟೀ ಕುಡೀರಿ.”

ಅಲ್ಲಿಂದ ಪ್ರೊಫೆಸರ ಬಳಿಗೆ ಹೋದ. ಪ್ರೊಫೆಸರು ಸಾತ್ವಿಕ ಮನುಷ್ಯ. ಹದಿನೆಂಟು ವರ್ಷದಿಂದ ಈ ಬಂಡೆಯ ಮುಂದೆ ಕಿವಿಗೊಟ್ಟು ಕೂತಿದ್ದರು. ಬಂಡೆ ತುಟಿ ಬಿಚ್ಚಿರಲಿಲ್ಲ. ನಿವೃತ್ತಿಗೆ ಎರಡೇ ವರ್ಷವಿದ್ದಾಗ ಅದು ಬಾಯಿ ತೆರೆದಿತ್ತು. ಮೇಸ್ತ್ರಿಯನ್ನು ಕಂಡು ಕುರ್ಚಿ ಎಳೆದು ಕೂರಿಸಿದರು. ಅವನು ಹೇಳಿದ್ದನ್ನೆಲ್ಲ ಕಣ್ಣರಳಿಸಿ ಕೇಳಿದರು.

“ತುಂಬಾ ಒಳ್ಳೆ ಪ್ರಶ್ನೆ ಕೇಳಿದ್ರಿ ಮೇಸ್ತ್ರಿ. ಕೆಲಸ ಮಾಡೋರು ಹೀಗೆ ಯೋಚನೆ ಮಾಡ್ಬೇಕು.”

“ಪ್ರಶ್ನೆ ಅಲ್ಲ ಸಾರ್. ಮಾಡಿರೋದನ್ನ ಹೇಳ್ತಿದೀನಿ.”

“ಗೊತ್ತಾಯ್ತು, ಗೊತ್ತಾಯ್ತು. ನೋಡಿ, ಸಿಮೆಂಟಿನಿಂದ ಕ್ಷಾರ ಬರತ್ತೆ ಅನ್ನೋದು ನಿಜ. ಆದ್ರೆ ಅದು ಎಷ್ಟು? ಒಂದು ಬಕೆಟ್ಟು. ಈ ಬಂಡೆಯ ಆಳ ಎಷ್ಟು?” ಎಂದು ಕಾಗದ ತೆಗೆದು ಚಿತ್ರ ಬರೆಯತೊಡಗಿದರು. ಬಂಡೆ, ಬಂಡೆಯ ಬುಡ, ಬುಡದಿಂದ ಮೇಲೇರುವ ನೀರಿನ ಬಾಣಗಳು. ಸಿಮೆಂಟಿದ್ದ ಜಾಗದಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಇಷ್ಟು ದೊಡ್ಡದರ ಮುಂದೆ ಇಷ್ಟು ಚಿಕ್ಕದು ಏನು ಮಾಡೀತು ಎಂದು ನಕ್ಕರು. ಅಲ್ಲದೆ ಬಂಡೆ ಹಿಡಿದಿಡುವ ಗುಣವನ್ನೂ ಪರೀಕ್ಷೆ ಮಾಡಿಯಾಗಿತ್ತು. ವಿಕಿರಣವುಳ್ಳ ಧಾತುಗಳಿಗೆ ವಿಕಿರಣವಿಲ್ಲದ ಒಡಹುಟ್ಟಿದವರು ಇರುತ್ತಾರೆ. ಅಂಟುವುದರಲ್ಲಿ ಇಬ್ಬರ ಸ್ವಭಾವವೂ ಒಂದೇ. ಅಂಥ ನಿರುಪದ್ರವಿ ನಿಕಲ್ಲನ್ನೂ ಸೀಸಿಯಮ್ಮನ್ನೂ ಒಂದು ಚಿಟಿಕೆಯಷ್ಟು ಏಳನೇ ಬೋರಿಗೆ ಬಿಟ್ಟು, ಪಕ್ಕದ ಬೋರಿನಿಂದ ನೀರು ಸೇದಿ ನೋಡಿದ್ದರು. ಸೀಸಿಯಂ ಹಿಂದಿನ ವರ್ಷಗಳ ಪರೀಕ್ಷೆಗಿಂತ ಬೇಗ ಈಚೆ ಬಂದಿತ್ತು. ನಿಕಲ್ ಬಂದೇ ಇರಲಿಲ್ಲ; ಬಂಡೆ ಅದನ್ನು ಕಚ್ಚಿ ಹಿಡಿದಿತ್ತು. ಲೇಖನದಲ್ಲಿ ನಿಕಲ್ಲಿಗೆ ಐದು ಪುಟವೂ ಸೀಸಿಯಮ್ಮಿಗೆ ಒಂದು ಅಡಿಟಿಪ್ಪಣಿಯೂ ಸಿಕ್ಕಿತ್ತು.

“ಸಿಮೆಂಟು ನಿಮಗೆ ಗೊತ್ತು, ಬಂಡೆ ನನಗೆ ಗೊತ್ತು,” ಎಂದು ಪ್ರೊಫೆಸರು ಅವನ ಬೆನ್ನು ತಟ್ಟಿ ಬಾಗಿಲವರೆಗೂ ಬಿಟ್ಟರು. ಮೇಸ್ತ್ರಿ ತಪ್ಪೊಪ್ಪಿಗೆಗೆ ಹೋದವನು ಕೈಯಲ್ಲಿ ಒಂದು ಚಿತ್ರ ಹಿಡಿದುಕೊಂಡು ಹೊರಗೆ ಬಂದ.

ತಪ್ಪು ಮಾಡುವುದಕ್ಕೆ ಅರ್ಧ ಗಂಟೆ ಸಾಕಾಗಿತ್ತು. ಮಾಡಿದೆ ಎಂದು ನಂಬಿಸುವುದಕ್ಕೆ ಎಷ್ಟು ದಿನ ಬೇಕೋ ಅವನಿಗೆ ತಿಳಿಯಲಿಲ್ಲ. ಇನ್ನುಳಿದವಳು ತಂಗಿ. ಭಾನುವಾರ ಮಧ್ಯಾಹ್ನ ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಹತ್ತಿ ಹೋಗಿ, ಕ್ಲಿಪ್ಪುಗಳನ್ನು ಒಂದೊಂದಾಗಿ ಕೊಡುತ್ತಾ, ಮೂಟೆ ಇಳಿಸಿದ್ದರಿಂದ ಹಿಡಿದು ಚಿತ್ರದವರೆಗೆ ಎಲ್ಲವನ್ನೂ ಹೇಳಿದ.

ಅವಳು ಕೂಗಾಡಲಿಲ್ಲ. ಬಕೆಟ್ಟಿನಲ್ಲಿದ್ದ ಬಟ್ಟೆಯನ್ನೆಲ್ಲ ಒಣಹಾಕಿ ಮುಗಿಸಿದಳು. ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

“ನನ್ನ ಕೆಲಸದ ಮೇಲೇ ತಂದು ಹಾಕಿದ್ಯಾ ಅಣ್ಣ?”

“ಗೊತ್ತಿದ್ದು ಹಾಕಿದ್ನಾ ಪುಟ್ಟಿ?”

“ಗೊತ್ತಿರ್ಲಿಲ್ವಾ? ಬಸ್ಸಲ್ಲಿ ಕೂತು ಎಷ್ಟು ಸಲ ಹೇಳಿದ್ದೆ.”

ಅವಳು ಎದ್ದು ಇಳಿದು ಹೋದಳು. ಅಂದಿನಿಂದ ಒಂಬತ್ತು ದಿನ ಅವನೊಂದಿಗೆ ಮಾತು ಬಿಟ್ಟಳು. ಬಸ್ಸಿನಲ್ಲಿ ಅವನು ಮುಂದೆ ಕೂತರೆ ಅವಳು ಹಿಂದೆ. ಮನೆಯಲ್ಲಿ ಏನು ಹೇಳುವುದಿದ್ದರೂ ಅತ್ತಿಗೆಯ ಮೂಲಕ.

“ನೀವಿಬ್ರೂ ಮುಖ ಊದಿಸ್ಕೊಂಡಿರಿ, ನಾನು ಅಂಚೆಯವಳ ಹಾಗೆ ಮಧ್ಯೆ ಓಡಾಡ್ತೀನಿ,” ಎಂದು ಅವನ ಹೆಂಡತಿ ಗೊಣಗಿದಳು. “ರೀ, ಉಪ್ಪು ಬೇಕಂತೆ. ತಗೊಳೇ, ಉಪ್ಪು ಕೊಟ್ರಂತೆ.”

ಹತ್ತನೇ ದಿನ ಬೆಳಿಗ್ಗೆ ತಂಗಿ ಟೀ ಲೋಟ ಹಿಡಿದುಕೊಂಡು, “ಅತ್ತಿಗೆ, ಮೂರು ಮೂಟೆಯಲ್ಲಿ ಎರಡೂವರೆ ಹಾಕಿದ್ರಂತಲ್ಲ, ಮಿಕ್ಕಿದ್ದು ಇನ್ನೂ ಇದೆಯಾ ಕೇಳಿ,” ಎಂದಳು.

“ಇದೆ, ಕ್ಯಾಂಟೀನಿನ ಹಿಂದೆ, ಪ್ಲಾಸ್ಟಿಕ್ಕಲ್ಲಿ ಕಟ್ಟಿಟ್ಟಿದೀನಿ ಅಂತ ಹೇಳು,” ಎಂದ ಮೇಸ್ತ್ರಿ ಹೆಂಡತಿಗೆ.

“ಇಬ್ರಿಗೂ ಕೇಳಿಸ್ತು ತಾನೆ? ನಾನು ಇನ್ನು ಸ್ನಾನಕ್ಕೆ ಹೋಗಬಹುದಾ?” ಎಂದು ಅವಳು ಎದ್ದು ಹೋದಳು.

ತಂಗಿ ಆ ಸಿಮೆಂಟನ್ನು ಲ್ಯಾಬಿಗೆ ಒಯ್ದಳು. ಸೋರಿಕೆಯಿಲ್ಲದ ಬೇರೆ ಕವಲಿನಿಂದ ಬಂಡೆಯ ನೀರು ತಂದು, ಅದರಲ್ಲಿ ಸಿಮೆಂಟು ಕಲಸಿ ಗಟ್ಟಿಯಾಗಿಸಿ, ಒಡೆದು ನೆನೆಹಾಕಿ ಮೂರು ವಾರ ಕಾದಳು. ಆಮೇಲೆ ಆ ನೀರನ್ನೂ ಏಳನೇ ಬೋರಿನ ನೀರನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದಳು. ಹೊಸ ಸಿಮೆಂಟು ಮೊದಲು ಬಿಡುವುದು ಪೊಟ್ಯಾಸಿಯಮ್ಮನ್ನು. ಬಂಡೆಯ ನೀರಿನಲ್ಲಿ ಅದು ಹುಡುಕಿದರೂ ಸಿಗದಷ್ಟು ಕಡಿಮೆ. ಎರಡು ಸೀಸೆಯಲ್ಲೂ ಅದು ಧಾರಾಳವಾಗಿತ್ತು. ಸೋಡಿಯಮ್ಮಿಗೂ ಅದಕ್ಕೂ ಇದ್ದ ಪ್ರಮಾಣವಂತೂ ಅವಳಿ ಮಕ್ಕಳ ಮೂಗಿನ ಹಾಗೆ ಒಂದೇ ಅಚ್ಚು. ಹುಟ್ಟುಕ್ಷಾರ ಹುಟ್ಟಿದ್ದು ಕ್ಯಾಂಟೀನಿನ ಶೌಚಾಲಯದ ಮೂಟೆಯಲ್ಲಿ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಅವಳು ಅಣ್ಣನ ಪಕ್ಕದಲ್ಲಿ ಬಂದು ಕೂತಳು. ಹಾಳೆ ತೋರಿಸಿದಳು. ಅವನಿಗೆ ಅಂಕಿ ಅರ್ಥವಾಗಲಿಲ್ಲ, ಅವಳ ಮುಖ ಅರ್ಥವಾಯಿತು.

“ಬಿಟ್ಟುಬಿಡು ಪುಟ್ಟಿ,” ಎಂದ. “ನಾನು ಹೇಳೋರಿಗೆಲ್ಲ ಹೇಳಾಯ್ತು. ಯಾರಿಗೂ ಬೇಡ. ಪ್ರೊಫೆಸರಿಗೆ ಖುಷಿ, ಮ್ಯಾನೇಜರಿಗೆ ಖುಷಿ, ನಿನಗೆ ಕೆಲಸ ಖಾಯಂ ಆಗತ್ತೆ. ಲಕ್ಷ ವರ್ಷ ಆದ್ಮೇಲೆ ಯಾರು ಬಂದು ಕೇಳ್ತಾರೆ?”

ಅವಳು ಹಾಳೆಯನ್ನು ಮಡಿಸಿ ಚೀಲದೊಳಗೆ ಇಟ್ಟಳು. “ನಿಕಲ್ಲನ್ನ ಹಿಡ್ಕೊಂಡಿದ್ದು ಬಂಡೆಯಲ್ಲ ಅಣ್ಣ, ನಿನ್ನ ಸಿಮೆಂಟು ಕೊಟ್ಟ ಕ್ಷಾರ. ಸಿಮೆಂಟಿನ ಸತ್ವ ಮುಗಿದ ದಿನ ಕ್ಷಾರ ಇಳಿಯತ್ತೆ, ನಿಕಲ್ ಕೈ ಬಿಟ್ಟರೂ ಬಿಡಬಹುದು. ಸೀಸಿಯಂ ಕಥೆ ಅಂತೂ ಈಗಲೇ ಕೆಟ್ಟಿದೆ, ಅದನ್ನ ಅಡಿಟಿಪ್ಪಣಿಲಿ ಮುಚ್ಚಿಟ್ಟಿದ್ದೀವಿ. ಈ ಬಂಡೆ ತಾನಾಗೇ ಹಿಡ್ಕೊಳತ್ತೆ ಅಂತ ನಂಬಿ ಇಲ್ಲಿ ಹೂಳ್ತಾರೆ. ನಂಬಿ ಅಂತ ಹೇಳಿದ ಕಾಗದದ ಮೇಲೆ ನನ್ನ ಹೆಸರಿರತ್ತೆ.”

“ಕೆಲಸ ಹೋಗತ್ತೆ.”

“ಮಾರ್ಚಿಗೆ ಹೇಗೂ ಹೋಗತ್ತೆ,” ಎಂದಳು. “ಪ್ರತಿ ಮಾರ್ಚಿಗೂ ಹೋಗತ್ತೆ.”

ಮರುದಿನ ಅವಳು ಹಾಳೆಯನ್ನು ಪ್ರೊಫೆಸರ ಮೇಜಿನ ಮೇಲಿಟ್ಟಳು. ಅವಳ ಹಿಂದೆ ಮೇಸ್ತ್ರಿ ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ನಿಂತಿದ್ದ. ಪ್ರೊಫೆಸರು ಮೊದಲು ನಗುನಗುತ್ತಾ ಓದಿದರು. ಎರಡನೇ ಸಲ ಓದುವಾಗ ನಗು ಇರಲಿಲ್ಲ. ಮೂರನೇ ಸಲ ಅವರು ಓದುತ್ತಿರಲಿಲ್ಲ, ಸುಮ್ಮನೆ ಹಾಳೆಯನ್ನು ಹಿಡಿದುಕೊಂಡಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗ ಅವರು ಇದ್ದಕ್ಕಿದ್ದಂತೆ ಬಹಳ ಮುದುಕರಂತೆ ಕಂಡರು.

“ಆವತ್ತು ನೀವು ಪ್ರಶ್ನೆ ಅಲ್ಲ ಅಂದಿದ್ರಿ,” ಎಂದರು ಮೇಸ್ತ್ರಿಗೆ.

“ಹೌದು ಸಾರ್.”

“ನಾನು ಚಿತ್ರ ಬರೆದುಕೊಟ್ಟೆ.”

“ಮನೇಲಿ ಇಟ್ಟಿದೀನಿ ಸಾರ್. ಚೆನ್ನಾಗಿದೆ.”

ಮುಂದಿನ ವಾರವೇ ನಾಲ್ಕಾರು ದೇಶಗಳಿಂದ ಇದೇ ಕಸುಬಿನ ವಿಜ್ಞಾನಿಗಳು ಏಳನೇ ಬೋರನ್ನು ನೋಡುವುದಕ್ಕೆಂದೇ ಬರುವವರಿದ್ದರು. ಬರಬೇಡಿ ಎನ್ನುವುದಕ್ಕೆ ಹೊತ್ತು ಮೀರಿತ್ತು. ಲೇಖನ ವಾಪಸು ತರಿಸುತ್ತೇನೆ, ಅವರೆದುರು ನಾನೇ ಹೇಳುತ್ತೇನೆ ಎಂದರು ಪ್ರೊಫೆಸರು. ಮ್ಯಾನೇಜರಿಗೆ ಸುದ್ದಿ ಮುಟ್ಟಿದಾಗ ಅವನು ಅಂದಿನಿಂದಲೇ ರಜೆ ಹಾಕುವುದೋ, ಆ ದಿನಕ್ಕೆ ಮಾತ್ರ ಹಾಕುವುದೋ ಎಂದು ಲೆಕ್ಕ ಹಾಕಿ, ಕೊನೆಗೆ ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಒಂದು ಕುರ್ಚಿ ಹಿಡಿದ.

ಸುರಂಗದ ಬಾಯಿಯಲ್ಲಿದ್ದ ಸಭಾಂಗಣದಲ್ಲಿ ನಲವತ್ತು ಜನ ಕೂತಿದ್ದರು. ಪ್ರೊಫೆಸರು ಏನನ್ನೂ ಮುಚ್ಚಿಡಲಿಲ್ಲ. ನಾವು ಬಂಡೆಯ ಗುಣವೆಂದು ತಿಳಿದದ್ದು ಎರಡೂವರೆ ಮೂಟೆ ಮಾಮೂಲಿ ಸಿಮೆಂಟಿನ ಗುಣ. ಹೇಳಿದವರ ಮಾತನ್ನು ನಾನು ಕೇಳಲಿಲ್ಲ. ಈ ಹುಡುಗಿ ಪರೀಕ್ಷೆ ಮಾಡಿ ತೋರಿಸಿದಳು ಎಂದು ಹೇಳಿ, ತಂಗಿಯ ಅಂಕಿಗಳನ್ನು ಪರದೆಯ ಮೇಲೆ ಹಾಕಿ, ಕೈ ಕಟ್ಟಿ ನಿಂತರು. ಯಾರಾದರೂ ನಗಲಿ ಎಂದು ಕಾಯುತ್ತಿರುವವರ ಹಾಗಿತ್ತು.

ಯಾರೂ ನಗಲಿಲ್ಲ. ಮುಂದಿನ ಸಾಲಿನಿಂದ ಎತ್ತರದ ಹೆಂಗಸೊಬ್ಬಳು ಎದ್ದು ಏನೋ ಕೇಳಿದಳು. ದುಭಾಷಿ ಅದನ್ನು ತಿರುಗಿಸಿ ಹೇಳಿದ. “ಸಿಮೆಂಟು ಹಾಕಿದ ದಿನಾಂಕ ಸರಿಯಾಗಿ ಗೊತ್ತಾ ಅಂತ ಕೇಳ್ತಿದ್ದಾರೆ.”

ಸಮಿತಿ ಬಂದ ದಿನವಾದ್ದರಿಂದ ದಿನಾಂಕ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ದೂರವೂ ಗೊತ್ತು, ಕಾಲವೂ ಗೊತ್ತು, ಮೊದಲಿನ ನೀರಿನ ಗುಣವೂ ಗೊತ್ತು ಎಂದು ಆಕೆ ಬೆರಳು ಮಡಿಸಿದಳು. ಪಕ್ಕದಲ್ಲಿದ್ದ ಗಡ್ಡದವನು ಎದ್ದ. ನಿಜವಾದ ಬಂಡೆಯಲ್ಲಿ ಸಿಮೆಂಟಿನ ಕ್ಷಾರ ಹರಿದರೆ ಹಿಡಿದಿಡುವ ಗುಣ ಏನಾಗುತ್ತದೆ ಎಂದು ನೋಡುವುದಕ್ಕೆ ತಾನು ಹನ್ನೊಂದು ವರ್ಷದಿಂದ ತನ್ನ ದೇಶದಲ್ಲಿ ಅನುಮತಿ ಕೇಳುತ್ತಿದ್ದೇನೆ, ಸುರಂಗ ಕೆಡುತ್ತದೆ ಅಂತ ಯಾರೂ ಕೊಡುತ್ತಿಲ್ಲ ಎಂದ. ಅವನ ದನಿಯಲ್ಲಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ಇನ್ನೂ ಮೂರು ಜನ ಎದ್ದರು. ನಿಕಲ್ಲಿನದು ತಿಳಿದದ್ದೇ, ಸೀಸಿಯಮ್ಮಿನ ಅಡಿಟಿಪ್ಪಣಿಯನ್ನು ದಯವಿಟ್ಟು ಪೂರ್ತಿ ಹೇಳಿ ಎಂದರು. ಅರ್ಧ ಗಂಟೆಯೆಂದು ಇಟ್ಟಿದ್ದ ಸಭೆ ಸಂಜೆಯವರೆಗೂ ನಡೆಯಿತು.

ಕೊನೆಗೆ ಗಡ್ಡದವನು, ಇಂಥ ಧೈರ್ಯದ ನಿರ್ಧಾರ ತೆಗೆದುಕೊಂಡವರು ಯಾರು ಎಂದು ಕೇಳಿದ. ಗೋಡೆಗೊರಗಿ ನಿಂತಿದ್ದ ಮೇಸ್ತ್ರಿ ಕೈ ಎತ್ತುವುದಕ್ಕೆ ಹೊರಟಿದ್ದ. ಅಷ್ಟರಲ್ಲಿ ಬಾಗಿಲ ಬಳಿಯ ಕುರ್ಚಿ ಸದ್ದು ಮಾಡಿತು.

“ಏನಾದ್ರೂ ಮಾಡಿ ಅಂತ ಹೇಳಿದ್ದು ನಾನು,” ಎಂದ ಮ್ಯಾನೇಜರು ಎದ್ದು ನಿಂತು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ತಿಂಗಳಲ್ಲೇ ಮೇಸ್ತ್ರಿಗೆ ಮೇಲಿನ ಕಚೇರಿಯಿಂದ ಒಂದು ಲಕೋಟೆ ಬಂತು. ಅದರೊಳಗೆ ಎರಡು ಪತ್ರ. ನಿಷೇಧಿತ ಸಿಮೆಂಟನ್ನು ಸುರಂಗದೊಳಗೆ ತಂದದ್ದಕ್ಕೆ ಎಚ್ಚರಿಕೆ ಕೊಡಲಾಗಿದೆ, ಮರುಕಳಿಸಿದರೆ ಕ್ರಮ ಜರುಗಿಸಲಾಗುವುದು ಎಂದು ಒಂದರಲ್ಲಿತ್ತು. ಅದೇ ಸಿಮೆಂಟನ್ನು ಅದೇ ರೀತಿಯಲ್ಲಿ ಐದನೇ ಕವಲಿನಲ್ಲಿ ಇನ್ನೊಮ್ಮೆ ಹಾಕಿಕೊಡಬೇಕು ಎಂದು ಇನ್ನೊಂದರಲ್ಲಿತ್ತು. ಎರಡಕ್ಕೂ ಸಹಿ ಒಬ್ಬರದೇ. ಹೆಂಡತಿ ಎರಡನ್ನೂ ಎರಡೆರಡು ಸಲ ಓದಿದಳು. “ಯಾವುದಕ್ಕೆ ಮೊದಲು ಹೆದರೋದು ಅಂತ ಬರೆದಿಲ್ವಲ್ಲ,” ಎಂದಳು.

ತಂಗಿಯ ವಿಷಯವೂ ಇತ್ಯರ್ಥವಾಯಿತು. ಏಳನೇ ಬೋರನ್ನು ಇನ್ನು ಹದಿನೈದು ವರ್ಷ, ವಾರಕ್ಕೊಮ್ಮೆ ತಪ್ಪದೆ ಅಳೆಯಬೇಕೆಂದು ತೀರ್ಮಾನವಾಗಿತ್ತು. ಹದಿನೈದು ವರ್ಷದ ಕೆಲಸಕ್ಕೆ ಒಂದು ವರ್ಷದ ಕಾಂಟ್ರ್ಯಾಕ್ಟು ಹೊಂದುವುದಿಲ್ಲವೆಂದು ಲೆಕ್ಕಪರಿಶೋಧಕರೊಬ್ಬರು ಆಕ್ಷೇಪ ಬರೆದರು. ಹೀಗೆ, ದೊಡ್ಡ ಶೋಧಕ್ಕೆ ಬರೀ ಆಶ್ವಾಸನೆಯಾಗಿ ಸಿಕ್ಕಿದ್ದ ಖಾಯಂ ಕೆಲಸ, ಆ ಶೋಧ ಸುಳ್ಳಾದ ಮೇಲೆ ಕಾಗದದಲ್ಲಿ ಕೈಗೆ ಬಂತು. ಅವಳು ಪತ್ರ ತಂದು ಅಣ್ಣನ ಕೈಗಿಟ್ಟಳು. ಅವನು ಓದಲಾರದೆ ಕಣ್ಣೊರೆಸಿಕೊಂಡಾಗ, “ಸಿಮೆಂಟು ಬಿತ್ತಾ ಕಣ್ಣಿಗೆ?” ಎಂದು ಕೇಳಿದಳು.

ಐದನೇ ಕವಲಿನ ಪ್ರಯೋಗಕ್ಕೆ ಒಂಬತ್ತು ಸಹಿ ಬೇಕಾದವು. ಏಳು ತಿಂಗಳು ಹಿಡಿಯಿತು. ಆ ದಿನ ಬಂದಾಗ ಮೇಸ್ತ್ರಿಯ ಸುತ್ತ ಹದಿಮೂರು ಜನ ಹಾಳೆ ಪೆನ್ನು ಹಿಡಿದು ನಿಂತಿದ್ದರು.

“ನೀರು ಎಷ್ಟು ಹಾಕ್ತೀರಿ?” ಎಂದು ಒಬ್ಬ ಕೇಳಿದ.

“ಸಾಕಾಗೋಷ್ಟು.”

ಅವನು ಅದನ್ನೇ ಬರೆದುಕೊಂಡ. ಎಷ್ಟು ಹೊತ್ತು ಕಲಸುತ್ತೀರಿ ಎಂದದ್ದಕ್ಕೆ ಬರುವವರೆಗೆ ಎಂದ, ಅದನ್ನೂ ಬರೆದುಕೊಂಡರು. ಅಂಗೈ ಒತ್ತಿ ಕೂತಾಗ ಒಬ್ಬಳು ಗಡಿಯಾರ ಹಿಡಿದಳು. ಇಷ್ಟು ಜನ ನೋಡುತ್ತಿರುವಾಗ ಮೇಸ್ತ್ರಿ ತನ್ನ ಜನ್ಮದಲ್ಲೇ ಮಾಡದಷ್ಟು ಅಚ್ಚುಕಟ್ಟಾಗಿ ಮಾಡಿದ.

ತೊಂದರೆಯಾದದ್ದು ಅದರಿಂದಲೇ. ನಾಲ್ಕು ತಿಂಗಳು ಕಳೆಯಿತು, ಒಂದು ವರ್ಷ ಕಳೆಯಿತು. ಆರು ಮೀಟರು ಆಚೆ ಹೊಸದಾಗಿ ಕೊರೆದ ಬೋರಿನಲ್ಲಿ ನೀರು ಎಂಟರಿಂದ ಮೇಲೇಳಲಿಲ್ಲ. ಬಿರುಕು ಎಷ್ಟು ಬಿಗಿಯಾಗಿ ಮುಚ್ಚಿತ್ತೆಂದರೆ ಕ್ಷಾರವನ್ನು ಹೊತ್ತೊಯ್ಯುವುದಕ್ಕೆ ಒಂದು ಹನಿಯೂ ಅದನ್ನು ಹಾದು ಹೋಗುತ್ತಿರಲಿಲ್ಲ. ಮೇಸ್ತ್ರಿ ಮಂಗಳವಾರ ಮಂಗಳವಾರ ತಂಗಿಯ ಹತ್ತಿರ ಹೋಗಿ ಕೇಳುತ್ತಿದ್ದ, “ಏರಿತಾ?”

“ಇಲ್ಲ ಅಣ್ಣ. ಎಂಟು.”

ನಿವೃತ್ತಿಗೆ ಮೂರು ವಾರವಿದ್ದಾಗ ಪ್ರೊಫೆಸರು ಐದನೇ ಕವಲಿಗೆ ಬಂದರು. ಸ್ವಲ್ಪ ಹೊತ್ತು ಒಣಗಿದ ಗೋಡೆಯನ್ನು ನೋಡಿದರು. ಆಮೇಲೆ, ಸುತ್ತ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಬಹಳ ಸಂಕೋಚದಿಂದ ಕೇಳಿದರು.

“ಮೇಸ್ತ್ರಿ, ತಪ್ಪು ತಿಳ್ಕೋಬೇಡಿ. ಇದನ್ನ ಸ್ವಲ್ಪ ಸೋರೋ ಹಾಗೆ ಮಾಡಕ್ಕಾಗತ್ತಾ? ಜಾಸ್ತಿ ಬೇಡ. ಜಿನುಗಿದ್ರೆ ಸಾಕು.”

ಮೇಸ್ತ್ರಿ ಗೋಡೆಯ ಮೇಲೆ ಕೈಯಿಟ್ಟು ನೋಡಿದ. ಅಲ್ಲಿ ಇಲ್ಲಿ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದ. ಅವರ ಮುಖ ನೋಡಿದರೆ ಇಲ್ಲವೆನ್ನಲು ಮನಸ್ಸು ಬರುತ್ತಿರಲಿಲ್ಲ.

“ನನಗೆ ಅದು ಬರಲ್ಲ ಸಾರ್,” ಎಂದ. “ಬೇರೆ ಯಾರನ್ನಾದ್ರೂ ಕರೆಸ್ಬೇಕು. ಮ್ಯಾನೇಜರಿಗೆ ಹೇಳಿ ನೋಡಿ, ಕಡಿಮೆಗೆ ಕೆಲಸ ಮಾಡೋರನ್ನ ಅವರಿಗೆ ಹುಡುಕಕ್ಕೆ ಬರತ್ತೆ.”

ಪ್ರೊಫೆಸರು ಗಂಭೀರವಾಗಿ ತಲೆಯಾಡಿಸಿ, ಜೇಬಿನಿಂದ ಚೀಟಿ ತೆಗೆದು ಅದನ್ನು ಗುರುತು ಹಾಕಿಕೊಂಡರು. ಇಬ್ಬರೂ ಲಿಫ್ಟಿನ ಕಡೆ ನಡೆದರು.